ಮಂಗಳ ಹಾಡದೆ ನಿಂತ ಪಾಠ

ಕಳೆದ ತಿಂಗಳು ಮೊಮ್ಮಗಳ ಕೆಮ್ಮಿಗೆ ಏನಾದರೂ ತರೋಣವೆಂದು ಹಾಸನದ ಹಳೇ ಮಾರುಕಟ್ಟೆಯ ಹತ್ತಿರ ಒಂದು ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಡಾಕ್ಟರು ಕೊಟ್ಟ ಸಿರಪ್ಪು ಮುಗಿದಿತ್ತು, ಕೆಮ್ಮು ಮುಗಿದಿರಲಿಲ್ಲ. ಅಂಗಡಿಯವನು ಜ್ಯೇಷ್ಠಮಧುವಿನ ಡಬ್ಬದ ಮುಚ್ಚಳ ತೆಗೆದ. ಒಣಗಿದ ಬೇರಿನ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಾತಕ್ಕೆ ಬಂದೆ ಎಂಬುದೇ ಮರೆತುಹೋಯಿತು. "ಎಷ್ಟು ಕಟ್ಲಿ ಯಜಮಾನ್ರೇ?" ಎಂದು ಅವನು ಎರಡು ಸಲ ಕೇಳಿದನಂತೆ. ಉಳಿದವರಿಗೆ ಅದು ಕೆಮ್ಮಿನ ಔಷಧಿ. ನನಗೆ ಮಾತ್ರ ಅದು ಇವತ್ತಿಗೂ ಇಂಗ್ಲಿಷ್ ಪಾಠದ ವಾಸನೆ.

ಅರವತ್ತರ ದಶಕದ ಮೊದಲ ಭಾಗ. ನಾನು ಹಾಸನದ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಊರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು, ವಾಸ ಹಾಸ್ಟೆಲಿನಲ್ಲಿ. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಕಿತ್ತು ತಂದ ಆಲೂಗೆಡ್ಡೆ ಮಂಡಿಯ ಮುಂದೆ ಮೂಟೆಯಲ್ಲೇ ಕೊಳೆಯಿತು. ಊರಿಗೆ ಊರೇ ಆ ನಾತದಲ್ಲಿ ಮೂಗು ಮುಚ್ಚಿಕೊಂಡು ಓಡಾಡುತ್ತಿತ್ತು. ಹಾಸ್ಟೆಲಿನಲ್ಲಿ ಹರವಿದ ಪಂಚೆ ಒಣಗುತ್ತಿರಲಿಲ್ಲ. ಒದ್ದೆ ಪಂಚೆಯುಟ್ಟು, ಒದ್ದೆ ಬೆಂಚಿನ ಮೇಲೆ ಕೂತು, ಯಾರಿಗೂ ಬೇಡವಾದ ಒಂದು ವಿಷಯ ಓದುವುದು ನಮ್ಮ ಹಣೆಯಲ್ಲಿ ಬರೆದಿತ್ತು. ಅದು ಇಂಗ್ಲಿಷ್ ಭಾಷೆಯ ಮತ್ತು ಅದರ ಸಾಹಿತ್ಯದ ಆದಿಕಾಲದ ಚರಿತ್ರೆ.

ಹೊಸ ಪಠ್ಯಕ್ರಮದಲ್ಲಿ ಅದನ್ನು ಸೇರಿಸಿದ್ದರು. ಇಂಗ್ಲಿಷ್ ವಿಭಾಗದ ದೊಡ್ಡ ಮೇಷ್ಟ್ರುಗಳು ನಾಟಕ, ಕಾದಂಬರಿ ತಾವು ಇಟ್ಟುಕೊಂಡು ಈ ಮುದಿಗೊಡ್ಡನ್ನು ಅಶ್ವತ್ಥಯ್ಯ ಮೇಷ್ಟ್ರ ಕೊಟ್ಟಿಗೆಗೆ ಕಟ್ಟಿದರು. ಅವರು ಟೆಂಪರರಿ. ಪ್ರತಿ ಜೂನಿನಲ್ಲಿ ಆರ್ಡರು ಬರಬೇಕು, ಮಾರ್ಚಿಯಲ್ಲಿ ಮುಗಿಯಬೇಕು. ಹೀಗೇ ಅವರ ತಲೆ ಅರ್ಧ ನರೆತಿತ್ತು. ಊರು ಹೊಳೆನರಸೀಪುರ. ಅವರದು ಕಾವ್ಯ ವಾಚನದ ಮನೆತನ: ಅಜ್ಜ, ಅಪ್ಪ ಎಲ್ಲರೂ ದೇವಸ್ಥಾನದಲ್ಲಿ ಹಳೆಗನ್ನಡ ಕಾವ್ಯಗಳನ್ನು ರಾಗವಾಗಿ ಓದಿದವರು. ಮೇಷ್ಟ್ರೂ ಹುಡುಗರಾಗಿದ್ದಾಗ ಓದಿದರೆ ಹೊಳೆಯಾಚೆಯವರು ಕೇಳುತ್ತಿದ್ದರಂತೆ. ನಾವು ನೋಡುವ ಹೊತ್ತಿಗೆ ಆ ಗಂಟಲು ಒಡೆದಿತ್ತು. ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಜ್ಯೇಷ್ಠಮಧು. ಪಾಠದ ನಡುವೆ ತೆಗೆದು ಅಗಿದು, "ಈ ಹಾಸನದ ಥಂಡಿ ನನ್ನ ಕೊಂದುಬಿಡ್ತದೆ ಕಣ್ರಯ್ಯ" ಅನ್ನುತ್ತಿದ್ದರು. ಥಂಡಿಯೆಂದೇ ನಾವೂ ನಂಬಿದ್ದೆವು.

ಮೊದಲ ದಿನ ಅವರು ಹಾಜರಿ ಕೂಡ ಕರೆಯಲಿಲ್ಲ. "ಇಂಗ್ಲಿಷ್ ಅಂದ್ರೆ ನಿಮಗೆಲ್ಲ ಭಯ. ದೊರೆಗಳ ಭಾಷೆ, ಹುಟ್ಟಿದಾಗಲೇ ಕಿರೀಟ ಇಟ್ಕೊಂಡು ಹುಟ್ಟಿತು ಅಂದ್ಕೊಂಡಿದ್ದೀರಿ. ಅದಕ್ಕೂ ಒಂದು ಕಾಲದಲ್ಲಿ ಗತಿ ಇರಲಿಲ್ಲ. ಅದನ್ನ ಈ ವರ್ಷ ನೋಡೋಣ," ಎಂದರು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಒಂದು ವರ್ಷ ಎಮ್ಮೆ ಕಾಯ್ದವನು. ಆ ಭಾಷೆಗೂ ಗತಿಗೆಟ್ಟ ಕಾಲವಿತ್ತೆಂದು ಕೇಳಿ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ರೋಮಿನವರು ಬಿಟ್ಟುಹೋದ ದ್ವೀಪ, ಆಮೇಲೆ ಸಮುದ್ರ ದಾಟಿ ದೋಣಿಗಳಲ್ಲಿ ಬಂದಿಳಿದ ಬುಡಕಟ್ಟುಗಳು, ಮೊದಲಿದ್ದವರು ಪಡುವಣದ ಗುಡ್ಡಗಳಿಗೆ ಸರಿದದ್ದು, ಬಂದವರ ಒರಟು ಮಾತೇ ಮುಂದೆ ಇಂಗ್ಲಿಷ್ ಆದದ್ದು, ಇವೆಲ್ಲ ಮೇಷ್ಟ್ರ ಬಾಯಲ್ಲಿ ಪಕ್ಕದ ತಾಲ್ಲೂಕಿನ ಸಮಾಚಾರದಂತೆ ಬರುತ್ತಿದ್ದವು. "ಇದು ಅವರ ಹಳೆಗನ್ನಡ," ಎನ್ನುತ್ತಿದ್ದರು. "ಇವತ್ತಿನ ಇಂಗ್ಲಿಷಿನವನ ಮುಂದೆ ಹಿಡಿದರೆ ಅವನೂ ನಿಮ್ಮ ಹಾಗೇ ಬೆಪ್ಪಾಗಿ ಕೂರ್ತಾನೆ." ನಮ್ಮಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಇಟ್ಟ ಹಾಗೆ ಆ ಕಾಲದ ಕವಿಗಳು ಪದಗಳ ಮೊದಲ ಸದ್ದಿಗೆ ಪ್ರಾಸ ಇಟ್ಟರು, ಸಾಲಿನ ನಡುವೆ ಒಂದು ನಿಲುಗಡೆ, ಸಾಲಿಗೆ ನಾಲ್ಕು ಪೆಟ್ಟು. ಆ ಪೆಟ್ಟನ್ನು ಮೇಷ್ಟ್ರು ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಹಾಕಿ ತೋರಿಸುತ್ತಿದ್ದರು. ಅರಸನ ಹಜಾರದಲ್ಲಿ ಬೆಂಕಿಯ ಸುತ್ತ ಜನ ಕೂತಿರುವಾಗ ತಂತಿವಾದ್ಯ ಹಿಡಿದು ಒಬ್ಬ ಅದನ್ನು ಹಾಡುತ್ತಿದ್ದನಂತೆ. ಹಾಡೆಲ್ಲ ಹೆಚ್ಚಾಗಿ ದುಃಖದ್ದೇ. ಚಳಿ, ಸಮುದ್ರ, ಒಡೆಯ ಸತ್ತು ದಿಕ್ಕಿಲ್ಲದೆ ಅಲೆಯುವ ಆಳು. ಆಚೆ ಮಳೆ ಹುಯ್ಯುತ್ತಿದ್ದ ಹಾಸನದಲ್ಲಿ ಅದು ನಮಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಒಂದು ದಿನ ಮೇಷ್ಟ್ರು ಸಾಲೊಂದನ್ನು ಓದುತ್ತ ಅರ್ಧದಲ್ಲಿ ನಿಂತರು. ದನಿ ಬಂದ್ ಆಗಿತ್ತು. ಎರಡು ಸಲ ಪ್ರಯತ್ನಪಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, "ಗಟ್ಟಿಯಾಗಿ ಓದುವವರು ಯಾರಾದರೂ ಇದ್ದೀರಾ?" ಎಂದು ಸೀಮೆಸುಣ್ಣದಲ್ಲಿ ಬರೆದರು. ನನ್ನ ಪಕ್ಕ ಕೂರುತ್ತಿದ್ದವನು ಅರಕಲಗೂಡಿನ ಪುಟ್ಟಸ್ವಾಮಿ. ಸುಮ್ಮನಿರುವುದು ಅವನ ಜಾತಕದಲ್ಲಿರಲಿಲ್ಲ.

"ನಂಜೇಗೌಡ ಓದ್ತಾನೆ ಸಾ. ಇವನಪ್ಪ ಬಾಗೂರಲ್ಲಿ ಕಾವ್ಯ ಓದೋರು. ಇವ್ನೂ ದಿನಾ ಬಚ್ಚಲಲ್ಲಿ ಓದ್ತಾನೆ, ಆಸ್ಟೆಲ್ಲಿಗೆಲ್ಲ ಕೇಳುಸ್ತದೆ."

ಅಪ್ಪ ಓದುತ್ತಿದ್ದದ್ದು ನಿಜ. ನಮ್ಮೂರಲ್ಲಿ ಮಳೆ ಕೈಕೊಟ್ಟರೆ, ಮಳೆ ಬರಲೆಂದು ಚಾವಡಿಯಲ್ಲಿ ಕಾವ್ಯ ಓದಿಸುತ್ತಿದ್ದರು. ನಾನು ಎದ್ದು ನಿಂತು, "ನಂಗೆ ಇಂಗ್ಲಿಷು ನೆಟ್ಟಗೆ ಬರಾಕಿಲ್ಲ ಸಾ," ಎಂದೆ.

ಮೇಷ್ಟ್ರು ಹತ್ತಿರ ಕರೆದು, ಪಿಸುದನಿಯಲ್ಲಿ, "ಇದು ಆ ಇಂಗ್ಲಿಷ್ ಅಲ್ಲ ಕಣಯ್ಯ. ಇದು ಯಾರಿಗೂ ಬರಲ್ಲ. ಓದು," ಎಂದರು.

ಓದಿದೆ. ಹಕಾರ ಬಂದಲ್ಲೆಲ್ಲ ನುಂಗಿದೆ, ಕ್ಲಾಸು ನಕ್ಕಿತು. ಮೇಷ್ಟ್ರು ಕೈಯೆತ್ತಿ ನಗು ನಿಲ್ಲಿಸಿ, ಅವರಲ್ಲೂ ಹಕಾರ ನುಂಗುವವರು ಬೇಕಾದಷ್ಟು ಜನ ಇದ್ದಾರೆ, ಮುಂದಕ್ಕೆ ಹೋಗು ಎಂದು ಸನ್ನೆ ಮಾಡಿದರು. ನಾವು ಓದಿದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಸತ್ತು ಒಂದು ಸಾವಿರ ವರ್ಷವಾಗಿತ್ತು. ಹಾಗಾಗಿ ಧೈರ್ಯವಾಗಿ ಓದಿದೆ.

ಅಂದಿನಿಂದ ಪಾಠದ ಕ್ರಮವೇ ಬದಲಾಯಿತು. ಕಾವ್ಯ ವಾಚನದಲ್ಲಿ ಇಬ್ಬರಿರುತ್ತಾರೆ: ಒಬ್ಬ ಓದುವವನು, ಪಕ್ಕದಲ್ಲಿ ಅರ್ಥ ಹೇಳುವವನು. ಮೇಷ್ಟ್ರು ನಮ್ಮ ತರಗತಿಯನ್ನೂ ಹಾಗೇ ಕೂರಿಸಿದರು. ನಾನು ಮೇಜಿನ ಹತ್ತಿರ ಸ್ಟೂಲಿನ ಮೇಲೆ, ಪಕ್ಕದ ಕುರ್ಚಿಯಲ್ಲಿ ಅವರು. ಒಂದು ಭಾಗ ನಾನು ಓದಿದ ಮೇಲೆ ಅವರು ಪಿಸುಗುಟ್ಟುವರು. ಹಿಂದಿನ ಬೆಂಚಿನವರೆಲ್ಲ ತಾವಾಗಿಯೇ ಮುಂದಕ್ಕೆ ಬಂದರು. ಮಳೆಯ ಸದ್ದು ಬಾರದಂತೆ ಕಿಟಕಿ ಹಾಕಿಕೊಂಡೆವು. ಆ ಮುಚ್ಚಿದ ಕೋಣೆಯಲ್ಲಿ ಒದ್ದೆ ಬಟ್ಟೆಯ ನಾತ, ಜ್ಯೇಷ್ಠಮಧುವಿನ ವಾಸನೆ ಸೇರಿ ತಲೆ ತಿರುಗಿಸುತ್ತಿದ್ದವು. ಕೆಲವು ಸಾಲುಗಳನ್ನು ಮುಖಾರಿ ರಾಗದಲ್ಲಿ ಓದೆಂದು ಮೇಷ್ಟ್ರೇ ಹೇಳಿಕೊಟ್ಟರು. ಕಾಲೇಜಿನಲ್ಲಿ ಯಾರಿಗೂ ಇದನ್ನು ಹೇಳಕೂಡದೆಂದು ಯಾರೂ ಹೇಳಲಿಲ್ಲ, ಆದರೂ ನಾವ್ಯಾರೂ ಹೇಳಲಿಲ್ಲ. ದನಿ ಹೋದ ಮೇಷ್ಟ್ರನ್ನು ಯಾವ ಕಾಲೇಜು ಇಟ್ಟುಕೊಂಡೀತು?

ಕಟ್ಟುನಿಟ್ಟು ಮಾತ್ರ ಬಿಗಿಯಾಗಿತ್ತು. ಓದಲು ಶುರು ಮಾಡಿದರೆ ಆ ಭಾಗ ಮುಗಿಯುವ ತನಕ ಓದುವವನು ಯಾರಿಗೂ ಏಳಬಾರದು. ಅರಸನೇ ಬಂದರೂ ಬಾಗಿಲಲ್ಲಿ ನಿಂತು ಕಾಯಬೇಕು. ಇನ್ನೊಂದು, ಕಾವ್ಯ ಪೂರ್ತಿಯಾದ ದಿನ ಮಂಗಳ ಹಾಡದೆ ಪುಸ್ತಕ ಮುಚ್ಚಬಾರದು. ಪುಟ್ಟಸ್ವಾಮಿ ತಮಾಷೆಗೆ, "ನಮ್ಮ ಮಂಗಳ ಯಾವತ್ತು ಸಾ?" ಎಂದು ಕೇಳಿದ. ಮೇಷ್ಟ್ರು ತಮಾಷೆ ಮಾಡಲಿಲ್ಲ. "ಮಾರ್ಚಿಯಲ್ಲಿ. ಇಷ್ಟು ವರ್ಷ ಕಂಡವರ ಪಾಠದ ಚೂರುಪಾರು ಮಾಡಿದೆ. ಇದೊಂದನ್ನ ಮೊದಲಿಂದ ಕೊನೇವರೆಗೆ ಮಾಡಿ ಮುಗಿಸಬೇಕು. ಅಷ್ಟಾದ್ರೆ ಸಾಕು ನನಗೆ," ಎಂದರು. ಅಷ್ಟು ಹೇಳುವುದಕ್ಕೇ ಅವರ ಕಣ್ಣಲ್ಲಿ ನೀರು ಬಂದಿತ್ತು, ಗಂಟಲು ನೋವಿಗೆ.

ಡಿಸೆಂಬರಿನ ಹೊತ್ತಿಗೆ ಮಳೆ ನಿಂತು ಮಂಜು ಇಳಿಯಿತು. ಬೆಳಗಿನ ತರಗತಿಗೆ ಮೇಷ್ಟ್ರು ತಲೆಗೆ ಮಫ್ಲರು ಸುತ್ತಿಕೊಂಡು ಮಂಜಿನೊಳಗಿಂದ ಬರುತ್ತಿದ್ದರು. ಕೋಟು ಮೈಮೇಲೆ ನಿಲ್ಲದಷ್ಟು ಸೊರಗಿದ್ದರು. ಡಾಕ್ಟರಿಗೆ ತೋರಿಸಿ ಸಾ ಎಂದರೆ, ಪರೀಕ್ಷೆ ಮುಗಿಯಲಿ ಎನ್ನುವರು. ನಮ್ಮ ಪಾಠವೂ ಕೆಟ್ಟ ಕಾಲಕ್ಕೆ ಬಂದಿತ್ತು. ಉತ್ತರದಿಂದ ದೋಣಿಗಳಲ್ಲಿ ಬಂದವರು ಮಠಗಳನ್ನು ಸುಟ್ಟಾಗಿತ್ತು. ಬರೆದಿಟ್ಟದ್ದು ಎಷ್ಟು ಹಾಳಾಯಿತೋ, ಕೆಲವು ಹಸ್ತಪ್ರತಿ ಮಾತ್ರ ಉಳಿದವಂತೆ. ಅಷ್ಟು ಸಾಲದೆಂಬಂತೆ ಫ್ರೆಂಚ್ ಮಾತಾಡುವ ದೊರೆ ದಂಡೆತ್ತಿ ಬಂದು ಸಿಂಹಾಸನದಲ್ಲಿ ಕೂತ. ಅರಮನೆ, ಕೋರ್ಟು, ಎಲ್ಲ ಫ್ರೆಂಚ್ ಆಯಿತು. ಇಂಗ್ಲಿಷಿಗೆ ಮೇಲುಜಗಲಿಯಲ್ಲಿ ಜಾಗ ಹೋಯಿತು.

"ಮುನ್ನೂರು ವರ್ಷ," ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಅಷ್ಟು ವರ್ಷ ಅದುನ್ನ ಯಾರು ಇಟ್ಕಂಡಿದ್ರು ಸಾ?" ಎಂದೆ.

"ಹೊಲದೋರು, ದನ ಕಾಯೋರು. ಹೆಂಗಸರು. ಭಾಷೆ ಅಡಿಗೆಮನೆಗೆ ಹೋಗಿ ಕೂತ್ಕೊಂಡಿತು. ಮುಂದೆ ಏನಾಯ್ತು ಅನ್ನೋದು ಸಂಕ್ರಾಂತಿ ಆದ್ಮೇಲೆ."

ಸಂಕ್ರಾಂತಿಗೆ ಮುಂಚೆಯೇ ವಿಶ್ವವಿದ್ಯಾನಿಲಯದವರು ಕಾಲೇಜು ತನಿಖೆಗೆ ಬಂದರು. ಬರುತ್ತಾರೆಂದು ಗೊತ್ತಿತ್ತು, ನಮ್ಮ ತರಗತಿಗೇ ಬರುತ್ತಾರೆಂದು ಗೊತ್ತಿರಲಿಲ್ಲ. ನಾನು ಒಂದು ಭಾಗದ ನಡುವೆ ಇದ್ದೆ. ಬಾಗಿಲು ತೆರೆಯಿತು. ಪ್ರಿನ್ಸಿಪಾಲರು, ಅವರ ಹಿಂದೆ ಕೋಟು ತೊಟ್ಟ ಮೂವರು ಹಿರಿಯರು. ಹುಡುಗರು ಅರ್ಧ ಎದ್ದರು. ಮೇಷ್ಟ್ರ ಕೈ ತಾನಾಗಿ ಮೇಲೆ ಹೋಯಿತು: ಕೂತ್ಕೊಳ್ಳಿ. ಹುಟ್ಟಿದಾಗಿನಿಂದ ಕಂಡ ರೂಢಿ, ಆ ಹೊತ್ತಿನಲ್ಲಿ ಅವರಿಗೆ ಬೇರೇನೂ ತೋಚಿರಲಾರದು. ನನಗೂ ತೋಚಲಿಲ್ಲ. ಚಾವಡಿಯಲ್ಲಿ ಅಮಲ್ದಾರರು ಬಂದಾಗಲೂ ಅಪ್ಪ ಪದ್ಯ ಮುಗಿಸಿಯೇ ತಲೆಯೆತ್ತಿದ್ದನ್ನು ಕಂಡವನು ನಾನು. ಮುಖಾರಿಯಲ್ಲಿ ಉಳಿದ ಸಾಲುಗಳನ್ನು ಓದಿದೆ. ಮೇಷ್ಟ್ರ ಬೆರಳು ಮೇಜಿನ ಮೇಲೆ ನಾಲ್ಕು ಪೆಟ್ಟು ಹಾಕುತ್ತಲೇ ಇತ್ತು. ಆ ನಾಲ್ವರು ದೊಡ್ಡವರು ಹೊಸ್ತಿಲಲ್ಲಿ ನಿಂತು ಕಾದರು. ಕೊನೆಯ ಸಾಲು ಮುಗಿದ ಮೇಲೆಯೇ ಮೇಷ್ಟ್ರು ಎದ್ದು ಕೈಮುಗಿದದ್ದು.

ಮೂವರಲ್ಲಿ ಹಿರಿಯರ ಮುಖ ಕಪ್ಪಿಟ್ಟಿತ್ತು. "ಇದೇನು, ಪಾಠವೋ ಭಜನೆಯೋ?" ಎಂದರು ಇಂಗ್ಲಿಷಿನಲ್ಲಿ. "ಇರಲಿ, ಈಗ ಓದಿದ್ದನ್ನು ವಿದ್ಯಾರ್ಥಿಗಳಿಗೆ ವಿವರಿಸಿ, ಕೇಳೋಣ."

ಮೇಷ್ಟ್ರು ನಮ್ಮ ಕಡೆ ತಿರುಗಿದರು. ಬಾಯಿ ತೆರೆದರು. ಕೊರಳಿನ ನರ ಉಬ್ಬಿತು. ದನಿ ಬರಲಿಲ್ಲ. ನಾನು ತಡೆಯಲಾರದೆ ಅರ್ಥ ಹೇಳತೊಡಗಿದೆ. "ನೀನಲ್ಲ, ಅವರು," ಎಂದರು ಹಿರಿಯರು. ಮೇಷ್ಟ್ರು ಇನ್ನೊಮ್ಮೆ ಉಸಿರೆಳೆದರು. ಕುಲುಮೆಯ ತಿದಿಯಿಂದ ಗಾಳಿ ಹೋದ ಹಾಗೆ ಒಂದು ಸದ್ದು ಬಂತು, ಅಷ್ಟೆ.

"ಅವರಿಗೆ ನೆಗಡಿ ಸಾ," ಎಂದ ಪುಟ್ಟಸ್ವಾಮಿ.

"ಯಾವಾಗಿನಿಂದ?" ಎಂದರು ಹಿರಿಯರು.

ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ತನಿಖೆಗೆ ಬಂದವರು ತಮ್ಮ ಕೆಲಸ ಮಾಡಿದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಮೇಷ್ಟ್ರನ್ನು ಕೂರಿಸಿಕೊಂಡು, ಮೈಸೂರಿನ ಆಸ್ಪತ್ರೆಗೆ ತೋರಿಸಿಕೊಳ್ಳಿ, ಆರೋಗ್ಯ ಮೊದಲು, ಪಾಠಕ್ಕೆ ಬೇರೆ ಏರ್ಪಾಡು ಮಾಡುತ್ತೇವೆ ಎಂದರಂತೆ. ಮೇಷ್ಟ್ರು ಅವತ್ತೇ ಮಧ್ಯಾಹ್ನದ ರೈಲಿಗೆ ಊರಿಗೆ ಹೊರಟರು. ನಾನೂ ಪುಟ್ಟಸ್ವಾಮಿಯೂ ಸ್ಟೇಷನ್ನಿಗೆ ಹೋಗಿದ್ದೆವು. ಪಾಠದ ಪುಸ್ತಕ ಅವರ ಸ್ವಂತದ್ದು, ನನ್ನ ಕೈಯಲ್ಲೇ ಇತ್ತು. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಗುರುತಿಗೆ ಇಟ್ಟಿದ್ದ ನವಿಲುಗರಿಯನ್ನು ಮುಟ್ಟಿ ತೋರಿಸಿದರು. ಅಲ್ಲಿಂದಾಚೆ ಬಾಕಿಯಿದೆ ಎಂದು.

ಬಾಕಿಯನ್ನು ಹೊಸಬರೊಬ್ಬರು ಬಂದು ತೀರಿಸಿದರು. ಇಂಗ್ಲಿಷ್ ಭಾಷೆ ಮುನ್ನೂರು ವರ್ಷ ಅಡಿಗೆಮನೆಯಲ್ಲಿ ಕೂತು ಹೊರಗೆ ಬಂದದ್ದನ್ನು ಅರ್ಧ ಪುಟ ನೋಟ್ಸು ಹೇಳಿ ಬರೆಸಿ, "ಇಂಪಾರ್ಟೆಂಟ್, ಷಾರ್ಟ್ ನೋಟಿಗೆ ಬರಬಹುದು," ಎಂದರು. ಕಿಟಕಿಗಳು ತೆರೆದಿದ್ದವು, ಬಿಸಿಲಿತ್ತು. ಹಿಂದಿನ ಬೆಂಚಿನವರು ಹಿಂದಕ್ಕೆ ಹೋಗಿ ಕೂತಿದ್ದರು.

ಮೈಸೂರಿನಲ್ಲಿ ಮೇಷ್ಟ್ರ ಗಂಟಲು ಆಪರೇಷನ್ ಮಾಡಿದರು. ಧ್ವನಿಪೆಟ್ಟಿಗೆಯನ್ನೇ ತೆಗೆದರು ಎಂದು ಸುದ್ದಿ ಬಂತು. ಥಂಡಿಯಲ್ಲ, ಕ್ಯಾನ್ಸರ್ ಹುಣ್ಣು, ಅಷ್ಟರಲ್ಲಿ ಎದೆಗೂ ಇಳಿದಿತ್ತಂತೆ. ಮಾರ್ಚಿಯಲ್ಲಿ, ಪರೀಕ್ಷೆಗೆ ಮುಂಚಿನ ರಜದಲ್ಲಿ, ಪುಸ್ತಕ ಹಿಡಿದುಕೊಂಡು ಹೊಳೆನರಸೀಪುರಕ್ಕೆ ಹೋದೆ.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಸಣ್ಣ ಮನೆ. ಮೇಷ್ಟ್ರ ಹೆಂಡತಿ ಕಾವೇರಮ್ಮನವರು ಬಾಗಿಲು ತೆಗೆದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. "ನಂಜೇಗೌಡ ಅಲ್ವೇ? ನೀವು ಬರ್ತೀರಿ ಅಂತ ದಿನಾ ಬಾಗಿಲು ನೋಡ್ತಾರಪ್ಪ," ಎಂದರು. ಮೇಷ್ಟ್ರು ನಡುಮನೆಯಲ್ಲಿ ಕುರ್ಚಿಯ ಮೇಲಿದ್ದರು. ಕೊರಳಿಗೆ ಬಿಳಿ ಬಟ್ಟೆ. ಅದರ ಹಿಂದಿನ ತೂತಿನಲ್ಲಿ ಉಸಿರು ಆಡುವ ಸದ್ದು ಕೇಳುತ್ತಿತ್ತು. ತೊಡೆಯ ಮೇಲೆ ಒಂದು ಸ್ಲೇಟು. ಪಕ್ಕದ ಗೂಡಿನಲ್ಲಿ, ಇನ್ನು ಯಾವ ಉಪಯೋಗಕ್ಕೂ ಬಾರದ ಜ್ಯೇಷ್ಠಮಧುವಿನ ತುಂಡುಗಳು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಮೇಷ್ಟ್ರು ನಾನು ಅತ್ತು ಮುಗಿಸಲೆಂದು ಕಾದು, ಸ್ಲೇಟಿನಲ್ಲಿ ಬರೆದರು: "ಎಲ್ಲಿಗೆ ನಿಂತಿತ್ತು?"

"ಇಂಗ್ಲಿಷು ಅಡಿಗೆಮನೆಗೆ ಓಗಿತ್ತು ಸಾ," ಎಂದೆ.

ಅವರು ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯಿತು. ಆಮೇಲೆ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಂದು, ಎದುರಿಗೆ ಹಾಸಿದ್ದ ಚಾಪೆಯ ಮೇಲೆ ಕೂತರು. ಅದು ಕೇಳುವವರ ಜಾಗ. ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಕಾವೇರಮ್ಮನವರು, "ಕೂತ್ಕೊಳ್ಳಿ. ಅರ್ಥ ಹೇಳೋರು ಕೆಳಗೆ ಕೂರಬಾರದು," ಎಂದರು.

ನವಿಲುಗರಿ ಇದ್ದಲ್ಲಿಂದ ಶುರು ಮಾಡಿದೆ. ಒಂದು ಭಾಗ ಓದುವುದು, ನಿಂತು ಅರ್ಥ ಹೇಳುವುದು. ನನಗೆ ಬಂದ ಭಾಷೆಯಲ್ಲೇ ಹೇಳಿದೆ.

"ಎಷ್ಟೋ ಕಾಲ ಆದ್ಮೇಲೆ ಕೋರ್ಟಲ್ಲಿ ಇಂಗ್ಲಿಷಲ್ಲಿ ವಾದ ಮಾಡ್ಬೌದು ಅಂತ ಆಯ್ತು ಸಾ. ಇಸ್ಕೂಲಲ್ಲೂ ಐಕಳಿಗೆ ಅದ್ರಲ್ಲೇ ಏಳ್ಕೊಡಾಕೆ ಸುರು ಮಾಡಿದ್ರು. ದೊರೆಗಳೂ ಅದ್ನೇ ಮಾತಾಡುದ್ರು. ಆದ್ರೆ ಅಡಿಗೆಮನೆಗೆ ಓದಂಗೇ ವಾಪಸ್ ಬರ್ಲಿಲ್ಲ. ಪ್ರತ್ಯಯಗೋಳು ಉದುರೋಗಿದ್ದೋ. ಬ್ಯಾರೆಯೋರ ಪದ ಬಾಯ್ತುಂಬ ಇದ್ದೋ. ಆ ಕಾಲದ ಅಳಬ ಯಾರಾರ ಎದ್ ಬಂದು ಕೇಳುದ್ರೆ, ಇದು ನಂದೇ ಮಾತು ಅಂತ ಗುರ್ತೇ ಸಿಕ್ತಿರ್ಲಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಓದುವಾಗ ಅವರ ಬೆರಳು ಚಾಪೆಯ ಮೇಲೆ ಪೆಟ್ಟು ಹಾಕುತ್ತಿತ್ತು. ಬಿಸಿಲು ನಡುಮನೆಯಿಂದ ಜಗಲಿಗೆ ಸರಿಯಿತು. ಕೊನೆಯ ಪುಟವೂ ಆಯಿತು. ಮೇಷ್ಟ್ರು ಕಣ್ಣು ತೆರೆದು ನನ್ನನ್ನೇ ನೋಡಿದರು. ಇನ್ನು ಮಂಗಳ ಹಾಡಬೇಕು. ಅದು ಓದಿದವನ ಕೆಲಸ.

ಶುರು ಮಾಡಿದೆ. ಮೊದಲ ಪದಕ್ಕೇ ಗಂಟಲು ಕಟ್ಟಿತು. ಇನ್ನೊಮ್ಮೆ ಪ್ರಯತ್ನಪಟ್ಟೆ, ಆಗಲಿಲ್ಲ. ಬಾಗೂರಿನ ಚಾವಡಿ ನಡುಗಿಸುವ ದನಿ ಎಂದು ಪುಟ್ಟಸ್ವಾಮಿ ಹೊಗಳುತ್ತಿದ್ದದ್ದು ಆ ನಡುಮನೆ ದಾಟುವಷ್ಟೂ ಉಳಿದಿರಲಿಲ್ಲ. ಪುಸ್ತಕ ತೆರೆದೇ ಇತ್ತು. ಮೇಷ್ಟ್ರ ತುಟಿಗಳು ಆಡುತ್ತಿದ್ದವು, ಕೊರಳ ಬಟ್ಟೆ ಏಳುತ್ತ ಬೀಳುತ್ತ ಇತ್ತು.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾವೇರಮ್ಮನವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಡಿದರು. ಮದುವೆಯಾಗಿ ಬಂದಾಗಿನಿಂದ ಗೋಡೆಯಾಚೆಗೆ ಕೇಳಿಸಿಕೊಂಡ ಮಂಗಳ. ಒಂದು ಅಕ್ಷರ ತಪ್ಪಲಿಲ್ಲ. ಮುಗಿಯುವ ತನಕ ಮೇಷ್ಟ್ರು ಅವರ ಕಡೆ ತಿರುಗಿ ನೋಡಲೇ ಇಲ್ಲ. ಎರಡೂ ಕೈ ಜೋಡಿಸಿ ಕೂತಿದ್ದರು. ಆಮೇಲೆ ಮುಂದಕ್ಕೆ ಬಾಗಿ ತಾವೇ ಪುಸ್ತಕ ಮುಚ್ಚಿದರು. ಕಾವೇರಮ್ಮನವರು ಒಂದು ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ ತಂದರು, ಮೇಷ್ಟ್ರು ನನಗೆ ಕೊಟ್ಟರು.

ರೈಲಿನ ಹೊತ್ತಾಗಿತ್ತು. ಕಾವೇರಮ್ಮನವರು ಬೀದಿ ಬಾಗಿಲ ತನಕ ಬಂದರು. ಸಂತೋಷದ ಮಾತಾಡುತ್ತಾರೆಂದುಕೊಂಡಿದ್ದೆ. ಅವರು ಒಳಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ಡಾಕ್ಟರು ಫೆಬ್ರವರಿ ದಾಟೋದಿಲ್ಲ ಅಂದಿದ್ರು. ಪಾಠ ಬಾಕಿ ಇದೆ, ಆ ಹುಡುಗ ಬರ್ತಾನೆ ಅಂತ ಸ್ಲೇಟಿನಲ್ಲಿ ಬರೆದು ಬರೆದು ತೋರಿಸ್ತಿದ್ರು. ಮುಗಿಸಿಕೊಟ್ರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಇನ್ನು ಇವರು ಯಾವುದಕ್ಕೆ ಕಾಯ್ತಾರಪ್ಪ?"

ನಾನು ಕಾಯಿ ಹಿಡಿದುಕೊಂಡು ಸ್ಟೇಷನ್ನಿಗೆ ನಡೆದೆ. ಪರೀಕ್ಷೆಯ ಮೊದಲ ದಿನ ಕೊಠಡಿಯ ಬಾಗಿಲಲ್ಲಿ ಪುಟ್ಟಸ್ವಾಮಿ ನನಗಾಗಿ ನಿಂತಿದ್ದ. ಅವನು ಏನೂ ಮಾತಾಡದೆ ನಿಂತಿದ್ದನ್ನು ನೋಡಿಯೇ ಮೇಷ್ಟ್ರು ಹೋದರೆಂದು ನನಗೆ ಗೊತ್ತಾಯಿತು.